ಹೆಸರು ಗೊತ್ತಿಲ್ಲದ ಬೇರು

ಮುಟ್ಟು ನಿಂತು ಎರಡು ತಿಂಗಳಾಗಿತ್ತು. ಪಿಸಿಓಎಸ್ ಎಂಬ ಅಂಡಾಶಯದ ತೊಂದರೆ ಇದ್ದ ನನಗೆ ಅದೇನೂ ಹೊಸದಲ್ಲ. ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂದು ತೀರ್ಥಹಳ್ಳಿಯ ಡಾಕ್ಟರಮ್ಮ ಮಾತ್ರೆ ಕೊಟ್ಟಿದ್ದರು. ಅದು ಹೊಟ್ಟೆಗೆ ಒಗ್ಗಲಿಲ್ಲ. ನಿಟ್ಟೂರಿನಲ್ಲಿದ್ದ ಗಂಡನ ಸೋದರತ್ತೆ ಒಂದು ಪುಡಿ ಮಾಡಿಕೊಟ್ಟರು. ದಿನಾ ಬೆಳಿಗ್ಗೆ ಅದರ ಕಷಾಯ ಕುಡಿಯುತ್ತಿದ್ದೆ. ಕುಡಿದ ಮೇಲೆ ಸಕ್ಕರೆ ಬಾಯಿಗೆ ಹಾಕಿಕೊಂಡರೂ ಮರಳು ತಿಂದಂತಾಗುತ್ತಿತ್ತು. ಔಷಧಿ ಹಿಡಿಯುತ್ತಿದೆ ಎಂದು ಸಂತೋಷಪಟ್ಟೆ.

ಒಂದು ದಿನ ಕೋಣಂದೂರಿನ ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗ ತಲೆ ಸುತ್ತಿತು. ಸಂಜೆ ಮನೆಯಲ್ಲಿ ಬಸಿರಿನ ಪರೀಕ್ಷೆ ಮಾಡಿಕೊಂಡರೆ ಎರಡು ಗೆರೆ. ಮದುವೆಯಾದಾಗಿನಿಂದ ಕಾದಿದ್ದ ಗೆರೆ! ಆದರೆ ನನ್ನ ಕಣ್ಣು ಹೋದದ್ದು ಪುಡಿಯ ಡಬ್ಬಿಯ ಕಡೆಗೆ. ಕೂಡಲೇ ಫೋನ್ ಮಾಡಿದೆ.

"ಅತ್ತೆ, ಆ ಪುಡಿಗೆ ಎಂತೆಂತ ಹಾಕಿದ್ರಿ?"

"ಸಕ್ಕರೆ ರುಚಿ ಕೊಲ್ತದಲ್ಲ ಆ ಮಧುನಾಶಿನಿ ಎಲೆ, ಮೆಂತ್ಯ, ಚಕ್ಕೆ. ಮತ್ತೊಂದು ಬೇರು. ಘಟ್ಟದ ಕಡೆಯೋರು ತಂದ್ಕೊಟ್ರು, ಹೆಸ್ರು ಗೊತ್ತಿಲ್ಲ ಕಣೆ. ನಿಂತ ಮುಟ್ಟು ಬರ್ತದೆ ಅಂದ್ರು. ಯಾಕೆ?"

ಮುಟ್ಟು ತರಿಸುವ ಬೇರು ಬಸಿರನ್ನೂ ಇಳಿಸೀತು. ವಿಷಯ ಹೇಳಿದೆ. ಅತ್ತೆ ಫೋನ್ ಇಟ್ಟುಬಿಟ್ಟರು.

ಬೆಳಿಗ್ಗೆ ಬಟ್ಟೆಯಲ್ಲಿ ರಕ್ತದ ಚುಕ್ಕೆ ಕಂಡಿತು. ತೀರ್ಥಹಳ್ಳಿಯ ಬಸ್ಸಿನಲ್ಲಿ ಹೊಂಡ ಬಂದಾಗಲೆಲ್ಲ ಹೊಟ್ಟೆ ಗಟ್ಟಿಯಾಗಿ ಹಿಡಿದುಕೊಂಡೆ. ಗಂಡ ಕಿಟಕಿಯಾಚೆ ನೋಡುತ್ತಾ ಕೂತಿದ್ದ.

ಡಾಕ್ಟರಮ್ಮ ಸ್ಕ್ಯಾನ್ ಮಾಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಕೊನೆಗೆ, "ಎದೆ ಬಡಿತಾ ಇದೆ," ಎಂದರು.

"ಕಷಾಯದಿಂದ ಮಗುಗೆ ಏನಾದ್ರೂ...?"

"ಯಾವ ಬೇರು ಅಂತ ಗೊತ್ತಿಲ್ದೆ ನಾನು ಎಂತ ಹೇಳ್ಲಿ? ಇವತ್ತಿಂದ ಅದು ಬೇಡ. ಕಾದು ನೋಡೋಣ."

ರಕ್ತ ನಿಂತಿತು, ಹೆದರಿಕೆ ನಿಲ್ಲಲಿಲ್ಲ. ಪ್ರತಿ ಸ್ಕ್ಯಾನಿನಲ್ಲೂ ಕೈ, ಕಾಲು, ಬೆನ್ನುಮೂಳೆ ಸರಿಯಿದೆಯೇ ಎಂದು ಕೇಳಿದೆ. ಸರಿಯಿದೆ ಎಂದರೂ ನಂಬಿಕೆ ಬರುತ್ತಿರಲಿಲ್ಲ. ಹೊಟ್ಟೆಯೊಳಗೆ ಮಗು ಸ್ವಲ್ಪ ಹೊತ್ತು ಅಲುಗಾಡದಿದ್ದರೆ ಪಾಠ ನಿಲ್ಲಿಸಿ ಕುರ್ಚಿಯಲ್ಲಿ ಕೂರುತ್ತಿದ್ದೆ.

ತವರಿಗೆ ಹತ್ತಿರವೆಂದು ಹೆರಿಗೆ ಸಾಗರದಲ್ಲಿ ಆಯಿತು. ಹೆಣ್ಣು ಮಗು. ಮುಖ ನೋಡುವ ಮೊದಲು ಸುತ್ತಿದ್ದ ಬಟ್ಟೆ ಬಿಚ್ಚಿ ಬೆರಳುಗಳನ್ನು ಮುಟ್ಟಿ ನೋಡಿದೆ.

ಆ ಫೋನಿನ ನಂತರ ನಮ್ಮ ಮನೆಗೆ ಬಾರದಿದ್ದ ಅತ್ತೆ ಮರುದಿನ ಆಸ್ಪತ್ರೆಗೆ ಬಂದರು. ಬಾಗಿಲಲ್ಲೇ ನಿಂತು, "ಎಲ್ಲಾ ಸರಿ ಇದ್ಯೇನೆ?" ಎಂದರು. "ಇದೆ, ಒಳಗ್ ಬನ್ನಿ ಅತ್ತೆ," ಎಂದೆ. ಅವರು ಮಗುವನ್ನು ಎತ್ತಿಕೊಳ್ಳಲಿಲ್ಲ. ಪಕ್ಕದಲ್ಲಿ ಕೂತು, ಅದರ ಅಂಗಾಲನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು.