ಎರಡು ಸೀಟಿ, ಒಂದು ಕಿರುಬೆರಳು

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದ ಆ ದಿನಗಳಲ್ಲಿ ಶಿವಮೊಗ್ಗಕ್ಕೂ ಭದ್ರಾವತಿಗೂ ಬ್ಯಾಸ್ಕೆಟ್‌ಬಾಲ್ ಪಂದ್ಯ ಎಂದರೆ ಊರಿಗೊಬ್ಬರಂತೆ ಇಬ್ಬರು ರೆಫರಿಗಳು ಇರಲೇಬೇಕಿತ್ತು. ಪ್ರೀತಿಯಿಂದೇನಲ್ಲ, ಅಪನಂಬಿಕೆಯಿಂದ. ಅವರ ಊರಿನ ಸೀಟಿಯನ್ನು ನಾವು ನಂಬುತ್ತಿರಲಿಲ್ಲ, ನಮ್ಮ ಊರಿನದನ್ನು ಅವರು ನಂಬುತ್ತಿರಲಿಲ್ಲ. ಇಬ್ಬರೂ ಒಟ್ಟಿಗೆ ಊದಿ ಒಬ್ಬರ ಕೈ ಆ ಕಡೆ, ಇನ್ನೊಬ್ಬರ ಕೈ ಈ ಕಡೆ ತೋರಿಸಿದರೆ ಇಬ್ಬರೂ ಪಕ್ಕಕ್ಕೆ ಹೋಗಿ ಪಿಸುಗುಟ್ಟುತ್ತಿದ್ದರು. ಚೆಂಡಿಗೆ ಹತ್ತಿರವಿದ್ದವರ ಮಾತು ನಡೆಯಬೇಕು ಎಂಬುದು ಅವರೇ ಮಾಡಿಕೊಂಡ ಒಪ್ಪಂದ. ಕೂತ ಜನ ಮಾತ್ರ ಅವರ ತುಟಿಗಳನ್ನೇ ನೋಡುತ್ತಾ, ಏನೋ ಒಳಗೊಳಗೇ ನಡೆದಿದೆ ಎಂದು ಗೊಣಗುತ್ತಿದ್ದರು.

ಶಿವಮೊಗ್ಗದ ಸೀಟಿ ನಮ್ಮಪ್ಪನದು. ವಿದ್ಯಾನಗರದ ನಮ್ಮ ಮನೆಯಿಂದ ಸೈಕಲ್ಲಿನಲ್ಲಿ ಹೈಸ್ಕೂಲಿಗೆ ಹೋಗಿ ಗಣಿತ ಹೇಳುತ್ತಿದ್ದ ಮೇಷ್ಟ್ರು; ಸಂಜೆ ರೆಫರಿ. ಆ ವರ್ಷ ನವುಲೆಯಲ್ಲಿ ನಡೆದ ಒಂದು ಪಂದ್ಯದಲ್ಲಿ ನನಗೆ ಐದು ಫೌಲ್ ಕೊಟ್ಟು ಹೊರಗೆ ಕೂರಿಸಿದ್ದರು. ನಾನು ಎರಡು ದಿನ ಅವರ ಜೊತೆ ಮಾತು ಬಿಟ್ಟೆ.

"ಮಗಳು ಅಂತ ಒಂದಾದ್ರೂ ಬಿಡಬಾರ್ದಿತ್ತಾ?" ಎಂದಳು ಅಮ್ಮ, ಚಪಾತಿ ಲಟ್ಟಿಸುತ್ತಾ.

"ಮಗಳು ಅಂತಾನೇ ಬಿಡಕ್ಕಾಗಲ್ಲ ಮಾರಾಯ್ತಿ," ಎಂದರು ಅಪ್ಪ.

ಈ ಸುದ್ದಿ ಭದ್ರಾವತಿಗೂ ಹೋಗಿತ್ತು.

ಬೇಸಿಗೆ ರಜೆ ಶುರುವಾಗುವ ಮುಂಚೆ ಫೈನಲ್ ನಡೆದದ್ದು ಅಲ್ಲೇ, ಕಾರ್ಖಾನೆ ಕ್ವಾರ್ಟರ್ಸಿನ ಸಿಮೆಂಟ್ ಕೋರ್ಟಿನಲ್ಲಿ. ಕಾದ ಸಿಮೆಂಟು, ಹೊಗೆ, ಗೇಟಿನ ಹತ್ತಿರ ಕರಿಯುತ್ತಿದ್ದ ಮೆಣಸಿನಕಾಯಿ ಬಜ್ಜಿ, ಎಲ್ಲ ವಾಸನೆಯೂ ಒಂದೇ ಗಾಳಿಯಲ್ಲಿ. ಮಧ್ಯಂತರದಲ್ಲಿ ಉಪ್ಪು ಸವರಿದ ನಿಂಬೆಹೋಳು ಚೀಪಿದೆವು. ಅವರ ಊರಿನ ರೆಫರಿ ಆರ್ಮುಗಂ ಮಾಸ್ಟರ್, ಕಾರ್ಖಾನೆಯ ಫಿಟ್ಟರ್. ಅವರು ನಮ್ಮ ಹುಡುಗಿಯರತ್ತ ನೋಡಿ ನಕ್ಕರೂ ನನಗೆ ಅನುಮಾನ. ಹುಟ್ಟಾ ಅನುಮಾನದ ಪ್ರಾಣಿ ನಾನು.

ಕೊನೆಯ ಹತ್ತು ಸೆಕೆಂಡು. ನಾವು ಒಂದೇ ಒಂದು ಪಾಯಿಂಟ್ ಮುಂದೆ. ನಮ್ಮ ಬುಟ್ಟಿಯ ಕೆಳಗೆ ನಾನೂ ಅವರ ಉದ್ದನೆಯ ಹುಡುಗಿಯೂ ಒಂದೇ ಚೆಂಡಿಗೆ ಹಾರಿದೆವು. ಚೆಂಡು ಗೆರೆ ದಾಟಿತು. ಕೊನೆಗೆ ಯಾರ ಕೈಗೆ ತಾಗಿರುತ್ತದೋ, ಚೆಂಡು ಅವರ ಎದುರಾಳಿಗೆ. ಎರಡು ಸೀಟಿ ಒಟ್ಟಿಗೇ ಮೊಳಗಿದವು. ಗೆರೆಯ ಮೇಲೇ ನಿಂತಿದ್ದ ಆರ್ಮುಗಂ ಮಾಸ್ಟರ್ ಚೆಂಡು ಭದ್ರಾವತಿಗೆ ಎಂದರು. ದೂರದಲ್ಲಿದ್ದ ಅಪ್ಪ ಶಿವಮೊಗ್ಗಕ್ಕೆ ಎಂದರು. ಅವರಿಗೆ ಸಿಕ್ಕರೆ ಒಂದು ಹೊಡೆತಕ್ಕೆ ಕಪ್ ಅವರದು. ನಮಗೆ ಸಿಕ್ಕರೆ ಮುಗಿಯಿತು, ಗೆದ್ದೆವು.

ಚೆಂಡು ಕೊನೆಗೆ ತಾಗಿದ್ದು ನನ್ನ ಕಿರುಬೆರಳಿಗೆ. ಬೆರಳು ಚುರುಗುಡುತ್ತಿತ್ತು.

ರೆಫರಿಗಳಿಬ್ಬರೂ ನನ್ನಿಂದ ನಾಲ್ಕು ಹೆಜ್ಜೆ ಆಚೆ ನಿಂತರು. "ನಿಮ್ಮ ಪಾಪಾ ಕೈಗೆ ಟಚ್ ಆಯ್ತು ಸಾರ್, ನಾನು ನೋಡಿದ್ದು," ಎಂದರು ಮಾಸ್ಟರ್.

"ನನಗೆ ಹಾಗೆ ಕಾಣ್ಲಿಲ್ಲ. ಆದ್ರೆ ನೀವು ಹತ್ರ ಇದ್ರಿ," ಎಂದ ಅಪ್ಪ ತಿರುಗಿ ನನ್ನ ಮುಖ ನೋಡಿದರು. ಸುಮ್ಮನೆ ನೋಡಿದರು. ನಾನು ಬಗ್ಗಿ, ಗಟ್ಟಿಯಾಗಿಯೇ ಇದ್ದ ಶೂ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದೆ.

ಮಾಸ್ಟರ್ ತಲೆ ಕೆರೆದುಕೊಂಡರು. "ಸ್ವಂತ ಮಗಳಿಗೇ ಐದು ಫೌಲ್ ಕೊಟ್ಟೋರು ನೀವು. ನೀವೇ ಆ ಕಡೆ ಕೈ ತೋರಿಸ್ತೀರಿ ಅಂದ್ರೆ ನನ್ನ ಕಣ್ಣೇ ತಪ್ಪು ಸಾರ್. ಶಿವಮೊಗ್ಗ ಬಾಲ್!"

ನಾವು ಗೆದ್ದೆವು. ಅವರ ಹುಡುಗಿಯರು ಅಳುತ್ತಿದ್ದರು, ಜನ ಆರ್ಮುಗಂ ಮಾಸ್ಟರನ್ನೇ ಬಯ್ಯುತ್ತಿದ್ದರು. "ಎಷ್ಟು ಕೊಟ್ರು ಮಾಸ್ಟ್ರೇ?" ಎಂದು ಯಾರೋ ಕೂಗಿದ್ದು ನನಗೆ ಕೇಳಿಸಿತು.

ವಾಪಸು ಬರುವ ಬಸ್ಸಿನಲ್ಲಿ ಹುಡುಗಿಯರೆಲ್ಲ ಕಿರುಚಾಡುತ್ತಿದ್ದರೆ ಅಪ್ಪ ನನ್ನ ಪಕ್ಕ ಬಂದು ಕೂತು ಮಂಡಕ್ಕಿ ಪೊಟ್ಟಣ ಬಿಚ್ಚಿದರು.

"ಬೆರಳು ನೋಯ್ತಿದೆಯೇನೇ?"

ಕೈಯನ್ನು ಲಂಗದ ಮಡಿಕೆಯೊಳಗೆ ಸೇರಿಸಿ "ಇಲ್ಲ" ಎಂದೆ. ಅಪ್ಪ ಮತ್ತೆ ಕೇಳಲಿಲ್ಲ. ಮಂಡಕ್ಕಿಯನ್ನೂ ತಿನ್ನಲಿಲ್ಲ.

ಮುಂದಿನ ವರ್ಷ ಅಪ್ಪ ಸೀಟಿ ಹಿಡಿಯಲಿಲ್ಲ. ಮಂಡಿ ನೋವು ಎಂದರು. ಅದೇ ಮಂಡಿಯಲ್ಲಿ ಹಾಲಿನ ಡೇರಿಗೆ ದಿನಾ ನಡೆದು ಹೋಗುತ್ತಿದ್ದರು. ನನಗೆ ಅನುಮಾನ ಹತ್ತಿದ್ದು ಆಗಲೇ, ಅದೂ ಅಪ್ಪನ ಮೇಲೆ: ಅವರು ಎಲ್ಲವನ್ನೂ ನೋಡಿಯೇ, ಐದು ಫೌಲಿನ ಮುನಿಸು ತೀರಲಿ ಎಂದು ನನ್ನ ಕಡೆ ಕೈ ತೋರಿಸಿದ್ದರೆ? ಇಪ್ಪತ್ತು ವರ್ಷ ಈ ಅನುಮಾನವನ್ನು ಜೋಪಾನ ಮಾಡಿದೆ. ಅಪ್ಪ ಕೊಂಚ ಕಳ್ಳರಾದರೆ ನಾನು ಪೂರ್ತಿ ಕಳ್ಳಿಯಾಗಬೇಕಿರಲಿಲ್ಲ ನೋಡಿ.

ಅಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತು. ಮೊನ್ನೆ ನನ್ನ ಮಗಳ ಪಂದ್ಯದಲ್ಲಿಯೂ ಎರಡು ಸೀಟಿ ಮೊಳಗಿ, ಎರಡು ಕೈ ಎರಡು ಕಡೆ ಹೋದವು. ರೆಫರಿಗಳು ಮಾತಾಡಿಕೊಳ್ಳುವಷ್ಟರಲ್ಲಿ ಯಾರದೋ ತಂದೆ ಓಡಿಹೋಗಿ ಮೊಬೈಲಿನ ವಿಡಿಯೊ ತೋರಿಸಿದರು. ಅರ್ಧ ನಿಮಿಷದಲ್ಲಿ ತೀರ್ಮಾನವಾಯಿತು, ತೀರ್ಮಾನ ಸರಿಯಾಗಿಯೇ ಇತ್ತು. ಬೆರಳು ಹಿಡಿದುಕೊಂಡು ನಿಂತಿದ್ದ ನನ್ನ ಮಗಳ ಮುಖವನ್ನು ಮಾತ್ರ ಅಲ್ಲಿ ಯಾರೂ ನೋಡಲಿಲ್ಲ.

ಆಗ ಹೊಳೆಯಿತು. ಅಂದು ಅಪ್ಪ ನನ್ನನ್ನು ಕೇಳಿದ್ದರು. ಕೋರ್ಟಿನಲ್ಲೊಮ್ಮೆ ಕಣ್ಣಲ್ಲೇ, ಬಸ್ಸಿನಲ್ಲೊಮ್ಮೆ ಬಾಯಿಬಿಟ್ಟು. ನಾನು ಏನು ಹೇಳಿದ್ದರೂ ಅದನ್ನೇ ನಂಬುತ್ತಿದ್ದರು. ಈಗ ಹೇಳೋಣವೆಂದರೆ ಕೇಳುವವರಿಲ್ಲ.