ಸೀಟಿ ಬರುವವರೆಗೆ

ಆ ದಿನಗಳಲ್ಲಿ ಮೈಸೂರಿನ ಬೇಸಿಗೆ ರಜೆಗೆ ಒಂದು ವಾಸನೆಯಿತ್ತು. ಕಾದ ತಗಡು, ನೆಲಕ್ಕೆ ಚಿಮುಕಿಸಿದ ನೀರು, ಉಪ್ಪು ಖಾರ ಹಚ್ಚಿದ ಮಾವಿನಕಾಯಿ, ಇವೆಲ್ಲ ಸೇರಿದ ವಾಸನೆ. ನಮ್ಮ ವಠಾರದ ಹಿಂದಿನ ಮೈದಾನಕ್ಕೆ ನಾಟಕ ಕಂಪನಿ ಬಂತೆಂದರೆ ಎರಡೇ ದಿನದಲ್ಲಿ ಸುತ್ತಲೂ ತಗಡಿನ ಗೋಡೆ ಎದ್ದುಬಿಡುತ್ತಿತ್ತು. ನಾವು ಮಕ್ಕಳು ಕುಂಟೆಬಿಲ್ಲೆ ಅರ್ಧಕ್ಕೆ ಬಿಟ್ಟು ಓಡಿಹೋಗಿ ಆ ಗೋಡೆಯ ಮೊಳೆತೂತುಗಳಿಗೆ ಕಣ್ಣಿಟ್ಟು ನಿಲ್ಲುತ್ತಿದ್ದೆವು. ನಿಮ್ಮಲ್ಲಿ ಕೆಲವರು ಪಕ್ಕದ ತೂತಿನ ಹತ್ತಿರವೇ ನಿಂತಿದ್ದಿರಬಹುದು. ನನ್ನ ಜಡೆ ಎಳೆದವರೂ ಇರಬಹುದು.

ಈಗ ನೀವು ನನ್ನನ್ನು ಟಿ.ವಿ. ಧಾರಾವಾಹಿಗಳಲ್ಲಿ ನೋಡುತ್ತೀರಿ. ಸೊಸೆ ಹಾಲು ಚೆಲ್ಲಿದರೆ ಎದೆ ಹಿಡಿದುಕೊಂಡು ಸೋಫಾದ ಮೇಲೆ ಕುಸಿಯುವ ಅತ್ತೆ ನಾನೇ. ಅಭಿನಯ ತುಂಬ ಸಹಜವಾಗಿದೆ ಎಂದು ಸಿಕ್ಕವರೆಲ್ಲ ಹೊಗಳುತ್ತಾರೆ. ಸಹಜವಾಗದೆ ಏನು? ಮನೆಯಲ್ಲಿ ಹಾಲು ಉಕ್ಕುವ ಮೊದಲೇ ಎದೆ ಹಿಡಿದುಕೊಳ್ಳುವ ಹೆಂಗಸು ನಾನು. ದಟ್ಟಗಳ್ಳಿಯ ಮನೆಯಿಂದ ಶೂಟಿಂಗಿಗೆ ಹೊರಟರೆ ಹಿನಕಲ್ ಬರುವಷ್ಟರಲ್ಲಿ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಸಂಶಯ ಹುಟ್ಟಿ ಎಷ್ಟು ಸಲ ವಾಪಸ್ ಬಂದಿದ್ದೇನೋ. ಪ್ರತಿ ಸಲವೂ ಆರಿಸಿಯೇ ಇರುತ್ತೇನೆ. ಅದರಿಂದ ನೆಮ್ಮದಿಯೇನೂ ಆಗುವುದಿಲ್ಲ; ಹಾಗಾದರೆ ಬೀಗ ಹಾಕಿದ್ದೆನಾ ಎಂದು ಶುರುವಾಗುತ್ತದೆ.

ಈ ರೋಗ ಹತ್ತನೇ ವಯಸ್ಸಿಗೇ ಇತ್ತು. ಅದೇ ವಯಸ್ಸಿನಲ್ಲಿ ನಾನು ನಟಿಯೂ ಆದೆ. ಒಂದು ಇನ್ನೊಂದಕ್ಕೆ ಎಂಥ ಪೆಟ್ಟು ಕೊಟ್ಟಿತು ಎಂಬುದನ್ನು ಹೇಳಬೇಕು.

ಆ ವರ್ಷ ಕಂಪನಿಯ ಹಾಸ್ಯನಟಿ ಪಂಕಜಮ್ಮ ನಮ್ಮ ವಠಾರದ ಮೂಲೆಯ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದರು. ನಲವತ್ತು ದಾಟಿದ್ದ, ದಪ್ಪ ಮೈಯ, ದೊಡ್ಡ ಕುಂಕುಮದ ಹೆಂಗಸು. ಅವರು ಬಾಯಿ ತೆರೆದರೆ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತವರೆಲ್ಲ ನಗುತ್ತಿದ್ದರು. ಆದರೆ ಬೆಳಗ್ಗೆ ಐದೂವರೆಗೆ, ಯಾರೂ ಏಳುವ ಮೊದಲು, ಪಂಕಜಮ್ಮ ಒಗೆಯುವ ಕಲ್ಲಿನ ಮುಂದೆ ಕೂತು ನಲ್ಲಿ ಬಿಟ್ಟುಕೊಂಡು ಹಾಡುತ್ತಿದ್ದರು. ನೀರಿನ ಸದ್ದಿನ ಅಡಿಯಲ್ಲಿ, ತೀರಾ ತಗ್ಗಿನಲ್ಲಿ. 'ದೀಪ ಆರುವ ಮುನ್ನ ಬರುವೆನೆಂದವನೆ...' ಸಾಲು ಮೇಲಕ್ಕೆ ಏರಬೇಕಾದ ಜಾಗ ಬಂದರೆ ನಿಲ್ಲಿಸಿ, ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದರು.

ನಾನು ಬೇಗ ಏಳುವ ಹುಡುಗಿ. ಬಾವಿಯ ಮುಚ್ಚಳ ಹಾಕಿದ್ದಾರಾ ಎಂದು ನೋಡಲು ಏಳುತ್ತಿದ್ದೆ. ಒಂದು ದಿನ ಸಿಕ್ಕಿಬಿದ್ದೆ.

"ಕೇಳಿಸ್ಕಂಡ್ಯಾ?" ಎಂದರು ಪಂಕಜಮ್ಮ.

"ಹೂಂ. ಮುಂದಿನ ಸಾಲು ಯಾಕೆ ಹೇಳಲ್ಲ?"

ಅವರು ಸೀರೆ ಹಿಂಡಿ ಪಕ್ಕಕ್ಕಿಟ್ಟರು. ಹಿಂದೆ ಅವರೇ ಕಂಪನಿಯ ನಾಯಕಿಯಾಗಿದ್ದರಂತೆ. ಸಂಗೀತ ನಾಟಕಗಳ ರಾಣಿ ಪಾರ್ಟೆಲ್ಲ ಅವರದೇ. ಆ ಹಾಡಿಗೆ ಜನ ಮೂರು ಸಲ ಒನ್ಸ್ ಮೋರ್ ಕೂಗಿ, ಅವರು ಮೂರು ಸಲವೂ ಹಾಡಿದ್ದುಂಟಂತೆ. ಆಮೇಲೆ ಗಂಟಲಿಗೆ ಆಪರೇಷನ್ ಆಯಿತು. ಮಾತು ಉಳಿಯಿತು, ಮೇಲಿನ ಸ್ವರ ಹೋಯಿತು. ಅಂದಿನಿಂದ ಹಾಸ್ಯ.

"ಆರು ವರ್ಷ ಆಯ್ತು ಕಣೇ, ಜನರ ಮುಂದೆ ಬಾಯಿಬಿಟ್ಟಿಲ್ಲ. ಒಂದಿನ ಬಂದ್ಬುಡುತ್ತೆ ಅಂತ ನೋಡ್ತಾ ಇದೀನಿ. ಯಾರಿಗಾದ್ರೂ ಹೇಳ್ಬುಟ್ಟೀಯ ಮತ್ತೆ."

ಹೇಳುವುದಿಲ್ಲ ಎಂದು ಆಣೆ ಮಾಡಿದೆ. ಆಣೆ ಮುರಿದರೆ ಏನಾಗುತ್ತದೋ ಎಂಬ ಚಿಂತೆ ಆವತ್ತೇ ಹತ್ತಿಕೊಂಡಿತು.

ಏಪ್ರಿಲ್ ಕೊನೆಗೆ ಕಂಪನಿಯ ಬಾಲನಟಿಗೆ ಮಂಗನಬಾವು ಬಂತು. ಪಂಕಜಮ್ಮ ನೇರವಾಗಿ ನಮ್ಮ ಅಡುಗೆಮನೆಗೆ ಬಂದು ಅಮ್ಮನ ಮುಂದೆ ಕೂತರು. "ನಿಮ್ ಗಿರಿಜಂಗೆ ಗಂಟಲೂ ಐತೆ, ಬುದ್ಧೀನೂ ಐತೆ. ಕೊಡ್ರಮ್ಮ, ಮಗಳ ಪಾರ್ಟು. ನನ್ ಪಕ್ಕದಲ್ಲೇ ಇರ್ತಾಳೆ." ಅಮ್ಮನಿಗೆ ನಾಟಕವೆಂದರೆ ಪ್ರಾಣ. ಅಪ್ಪ ಪೇಪರಿನ ಹಿಂದಿನಿಂದ ತೀರ್ಪು ಕೊಟ್ಟರು: "ಶನಿವಾರ ಭಾನುವಾರ, ಮಧ್ಯಾಹ್ನದ ಆಟ ಮಾತ್ರ. ಸ್ಕೂಲು ಶುರುವಾಗೋವರ್ಗೂ."

ಪಾರ್ಟು ಸಣ್ಣದು. ಕಂಪನಿ ನಾಟಕ ನೋಡಿದವರಿಗೆ ಗೊತ್ತಿರುತ್ತದೆ, ಕಾಡಿನ ದೃಶ್ಯ ಮುಗಿದು ದರ್ಬಾರು ಬರುವ ನಡುವೆ ಬೀದಿಯ ಚಿತ್ರದ ಪರದೆ ಇಳಿಯುತ್ತದೆ. ಆ ಪರದೆಯ ಹಿಂದೆ ಮರ ಕಿತ್ತು ಸಿಂಹಾಸನ ಇಡುತ್ತಿರುತ್ತಾರೆ. ಮುಂದೆ ಎರಡು ಗಜ ಜಾಗದಲ್ಲಿ ಹಾಸ್ಯದವರು ಜನರನ್ನು ನಗಿಸುತ್ತಿರಬೇಕು. ಮಗಳಿಗೆ ಅರಮನೆಯ ಗಂಡನ್ನೇ ತರುತ್ತೇನೆಂದು ಹಟ ಹಿಡಿದ ತಾಯಿ ಪಂಕಜಮ್ಮ. ಬಂದ ಗಂಡುಗಳ ಬೊಜ್ಜು, ಗೊರಕೆ, ಮೂಗು ಎಲ್ಲ ಬಣ್ಣಿಸಿ ಬೇಡವೆಂದು ಹಾಡುವ ಮಗಳು ನಾನು.

ನಿಯಮ ಒಂದೇ. ಹಿಂದೆ ಎಲ್ಲ ತಯಾರಾದ ಮೇಲೆ ಪರದೆ ಸಿದ್ದಪ್ಪ ತುಟಿಯಲ್ಲೇ ಸಣ್ಣ ಸೀಟಿ ಹೊಡೆಯುತ್ತಾನೆ. ಆಮೇಲೆ ನಾವು ಪಕ್ಕಕ್ಕೆ ಸರಿದು ಹೊರಡಬಹುದು. ಅಲ್ಲಿಯವರೆಗೆ ಆಕಾಶವೇ ಬೀಳಲಿ, ರಂಗ ಖಾಲಿಯಾಗಬಾರದು, ಬಾಯಿ ಮುಚ್ಚಬಾರದು.

"ಸೀಟಿ ಬರದೇ ಹೋದ್ರೆ?" ಎಂದು ಕೇಳಿದೆ.

ಪಂಕಜಮ್ಮ ನನ್ನ ಕೆನ್ನೆಗೆ ಬಣ್ಣ ಬಳಿಯುತ್ತಿದ್ದರು. ಕೊಬ್ಬರಿಎಣ್ಣೆಯಲ್ಲಿ ಕಲಸಿದ ಬಣ್ಣ, ಪಕ್ಕದಲ್ಲಿ ಮಂತ್ರಿಯ ಗಡ್ಡಕ್ಕೆ ಹಚ್ಚುವ ಅಂಟಿನ ಘಾಟು. "ಬರದೆ ಎಲ್ಲೋಗುತ್ತೆ, ಬತ್ತದೆ ಸುಮ್ಕಿರು."

"ಸಿದ್ದಪ್ಪಂಗೆ ಕೆಮ್ಮು ಬಂದ್ರೆ? ತುಟಿ ಒಡೆದಿದ್ರೆ?"

"ಅಯ್ಯೋ ನಿನ್ನ! ನೀನು ಪಾರ್ಟು ಮಾಡಕ್ಕೆ ಬಂದಿದ್ಯೋ ಶಾಪ ಹಾಕಕ್ಕೆ ಬಂದಿದ್ಯೋ?"

ನಾನು ಮಾತ್ರ ತಯಾರಿ ಮಾಡಿಕೊಂಡೆ. ಸೀಟಿ ಬರದಿದ್ದರೆ ಬೇಕಾಗುತ್ತದೆಂದು ನಾಲ್ಕು ಒಗಟು, ಪಕ್ಕದ ಮನೆಯವರ ಜಗಳದ ಅನುಕರಣೆ, ಹದಿಮೂರರ ಮಗ್ಗಿ, ಎಲ್ಲ ಬಾಯಿಪಾಠ ಮಾಡಿ ತಲೆಯೊಳಗೆ ಜೋಡಿಸಿಟ್ಟೆ. ಮೂರು ಆಟ ಏನೂ ಆಗಲಿಲ್ಲ. ಸೀಟಿ ಸರಿಯಾಗಿ ಬಂತು. ನನ್ನ ಹಾಡಿಗೆ ಒಂದು ಒನ್ಸ್ ಮೋರೂ ಬಂತು. ಅಮ್ಮ ಗೋಲಿ ಸೋಡಾ ಕೊಡಿಸಿದಳು.

ನಾಲ್ಕನೆಯದು ಭಾನುವಾರದ ಆಟ. ತಗಡಿನ ತೂತುಗಳಿಂದ ಬಿಸಿಲು ನಾಣ್ಯಗಳ ಹಾಗೆ ಜನರ ಮೇಲೆ ಬಿದ್ದಿತ್ತು. ಹೆಂಗಸರ ಕಡೆ ಮೊದಲ ಸಾಲಿನಲ್ಲಿ ಅಮ್ಮ, ಅವಳ ಹಿಂದೆ ಇಡೀ ವಠಾರ. ನಮ್ಮ ಮಾತು ಮುಗಿಯಿತು. ನನ್ನ ಹಾಡು ಮುಗಿಯಿತು. ಸೀಟಿ ಬರಲಿಲ್ಲ. ಪರದೆಯ ಹಿಂದೆ ದಡಾರೆಂದು ಏನೋ ಬಿತ್ತು, ಆಮೇಲೆ ಸಿದ್ದಪ್ಪನ ಅದುಮಿದ ಬೈಗುಳ. ಸಿಂಹಾಸನದ ಒಂದು ಸಿಂಹದ ತಲೆ ಕಳಚಿ ಅವನ ಕಾಲ ಮೇಲೆ ಬಿದ್ದಿದೆ ಎಂದು ನಮಗೇನು ಗೊತ್ತು?

ಪಂಕಜಮ್ಮ ಗಾಬರಿಯಾಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಹೊಸ ಗಂಡೊಂದನ್ನು ಅಲ್ಲೇ ಹುಟ್ಟಿಸಿದರು. "ಇನ್ನೊಬ್ಬ ಅವ್ನೆ ಕಣೇ ಮಗಳೇ, ಆನೆ ಲಾಯದಲ್ಲಿ ಕೆಲ್ಸ. ನೋಡಕ್ಕೂ ಅಂಗೇ ಅವ್ನೆ." ಜನ ನಕ್ಕರು. ಅವರು ಹಾಗೇ ಹತ್ತು ನಿಮಿಷ ಎಳೆಯಬಲ್ಲವರು. ನಾನು ಸುಮ್ಮನೆ ಹೂಂ ಊಹೂಂ ಎಂದಿದ್ದರೆ ಸಾಕಿತ್ತು. ಆದರೆ ಇಷ್ಟು ದಿನ ಹೆದರಿದ್ದು ನಿಜವಾಗಿಬಿಟ್ಟಿದೆ! ಅವರ ಮಾತಿಗೆ ಅಡ್ಡ ಬಂದು ನಾಲ್ಕು ಒಗಟನ್ನೂ ಒಂದೇ ಉಸಿರಿಗೆ ಹೇಳಿದೆ, ಉತ್ತರಗಳನ್ನೂ ನಾನೇ ಹೇಳಿದೆ. ಜಗಳದ ಅನುಕರಣೆ ಅರ್ಧ ನಿಮಿಷಕ್ಕೆ ಮುಗಿಯಿತು. ಹದಿಮೂರರ ಮಗ್ಗಿ ಹದಿಮೂರೆಂಟಲ ಹತ್ತಿರ ತಪ್ಪಿತು. ಪಂಕಜಮ್ಮ ನನ್ನ ಕೈ ಅದುಮಿದರು. ಸುಮ್ಮನಿರು ಎಂದು ಅದರ ಅರ್ಥ. ನನಗೆ ಇನ್ನೂ ಏನಾದರೂ ಹೇಳು ಎಂದು ಅರ್ಥವಾಯಿತು. ತಲೆಯೊಳಗೆ ಉಳಿದಿದ್ದು ಒಂದೇ ಸಂಗತಿ.

"ಅಮ್ಮಾ, ನೀನು ದಿನಾ ಬೆಳಗ್ಗೆ ನಲ್ಲಿ ಹತ್ರ ಹಾಡ್ತೀಯಲ್ಲ, ದೀಪ ಆರುವ ಮುನ್ನ ಅಂತ. ಅದನ್ನ ಹಾಡು."

ಹೇಳಿದ ಮೇಲೆ ನನಗೇ ಕೇಳಿಸಿತು, ಏನು ಹೇಳಿದೆ ಎಂದು.

ಹಿಂದಿನ ಸಾಲಿನಲ್ಲಿ ಯಾರೋ ಹಳಬರು "ಹಾಡಿ ಪಂಕಜಮ್ಮೋರೇ!" ಎಂದು ಕೂಗಿದರು. ಅವರಿಗೆ ನೆನಪಿತ್ತು. ರಂಗದ ಮುಂದೆ ಕಾಲು ಹಾರ್ಮೋನಿಯಂ ತುಳಿಯುತ್ತ ಕೂತಿದ್ದ ಮೇಷ್ಟ್ರು ತಲೆಯೆತ್ತಿ ಪಂಕಜಮ್ಮನ ಮುಖ ನೋಡಿ, ಏನೂ ಕೇಳದೆ ಶ್ರುತಿಯನ್ನು ಎರಡು ಮನೆ ಕೆಳಗಿಳಿಸಿದರು. ಪಂಕಜಮ್ಮ ಒಂದು ಸಲ ಪರದೆಯ ಕಡೆ ತಿರುಗಿ ನೋಡಿದರು. ಸೀಟಿ ಇಲ್ಲ. ಹಾಡಿದರು.

ಮೊದಲ ಸಾಲು ಬಂದಾಗ ಮಾವಿನಕಾಯಿ ಕಡಿಯುವ ಸದ್ದೂ ನಿಂತಿತು. ಒಗೆಯುವ ಕಲ್ಲಿನ ಹತ್ತಿರ ಕೇಳಿದ್ದಕ್ಕಿಂತ ಎಷ್ಟೋ ದೊಡ್ಡದಾದ, ತುಂಬಿದ ದನಿ. ಬಂದೇಬಿಟ್ಟಿತು, ಅವರು ಕಾಯುತ್ತಿದ್ದ ದಿನ ಇದೇ, ತಂದುಕೊಟ್ಟವಳು ನಾನೇ ಎಂದುಕೊಂಡೆ. ಅವರಿಗೂ ಹಾಗೇ ಅನಿಸಿರಬೇಕು. ಕಣ್ಣು ಮುಚ್ಚಿ, ದಿನಾ ನಿಲ್ಲಿಸುತ್ತಿದ್ದ ಜಾಗದಲ್ಲಿ ನಿಲ್ಲಿಸದೆ ಮೇಲಿನ ಸ್ವರಕ್ಕೆ ಕೈ ಎತ್ತಿದರು.

ದನಿ ಒಡೆಯಿತು. ಹುಂಜದ ಕೂಗಿನ ಹಾಗೆ, ನಡುವಿನಲ್ಲಿ ಎರಡಾಗಿ.

ಮೊದಲು ಯಾರೋ ಒಬ್ಬರು ಕಿಸಕ್ಕೆಂದರು, ಮರುಕ್ಷಣ ಇಡೀ ತಗಡಿನ ಥಿಯೇಟರೇ ನಕ್ಕಿತು. ಹಾಸ್ಯದ ಪಾರ್ಟು, ಹಾಸ್ಯನಟಿ; ಬೇಕೆಂದೇ ಮಾಡಿದ್ದಾರೆ ಎಂದುಕೊಂಡರು ಜನ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದಳು. ಪಂಕಜಮ್ಮನ ಮುಖ ಪಕ್ಕದಿಂದ ಕಾಣುತ್ತಿದ್ದದ್ದು ನನಗೊಬ್ಬಳಿಗೇ. ಬಣ್ಣದ ಕೆಳಗೆ ದವಡೆ ಒಂದು ಸಲ ನಡುಗಿತು. ಅಷ್ಟೇ. ಕೂಡಲೇ ಅವರು ಗಂಟಲ ಮೇಲೆ ಕೈಯಿಟ್ಟು, ಕಣ್ಣು ದೊಡ್ಡದು ಮಾಡಿ, ಆ ಒಡೆದ ಸ್ವರವನ್ನೇ ಇನ್ನೂ ವಿಕಾರವಾಗಿ, ಕೋಳಿಯ ಹಾಗೆ ಕತ್ತು ಚಾಚಿ ಮತ್ತೆ ಹೇಳಿದರು.

"ಒನ್ಸ್ ಮೋರ್!"

ಕಂಪನಿಯಲ್ಲಿ ಒನ್ಸ್ ಮೋರ್ ಬಂದರೆ ಇಲ್ಲವೆನ್ನುವ ಹಾಗಿಲ್ಲ. ಎರಡನೇ ಸಲ ಮಾಡಿದರು. ಮೂರನೇ ಸಲ ಮಾಡುವಾಗ ಸೀಟಿ ಬಂತು.

ಆಟ ಮುಗಿದ ಮೇಲೆ ಅಮ್ಮ ಓಡಿಬಂದು, "ಏನು ನಗಿಸಿಬುಟ್ರಿ ಪಂಕಜಮ್ಮ, ಹೊಟ್ಟೆ ಹುಣ್ಣಾಯ್ತು!" ಎಂದಳು. "ಅದಕ್ಕೇ ಅಲ್ವೇನ್ರಮ್ಮ ಇರೋದು ನಾವು" ಎಂದು ಪಂಕಜಮ್ಮ ಕುಂಕುಮ ಸರಿಮಾಡಿಕೊಂಡರು. ನನ್ನನ್ನು ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಕಂಪನಿಯ ಯಜಮಾನರು ಬಂದು, ಕೋಳಿ ಸ್ವರ ಬಹಳ ಚೆನ್ನಾಗಿ ಕೂತಿದೆ, ಇನ್ನು ಮೇಲೆ ಪ್ರತಿ ಆಟಕ್ಕೂ ಇರಲಿ ಎಂದರು.

ಹಾಗಾಗಿ ಸ್ಕೂಲು ಶುರುವಾಗುವವರೆಗಿನ ನನ್ನ ಎಲ್ಲ ಆಟಗಳಲ್ಲೂ ನಾನು "ಅಮ್ಮಾ, ಅದನ್ನ ಹಾಡು" ಎನ್ನಬೇಕಾಯಿತು. ಪಂಕಜಮ್ಮ ಮೇಲಿನ ಸ್ವರಕ್ಕೆ ಬರುವ ಮೊದಲೇ ಬೇಕೆಂದೇ ದನಿ ಒಡೆಸಬೇಕಾಯಿತು. ಪ್ರತಿ ಸಲ ಒನ್ಸ್ ಮೋರ್. ಬೆಳಗ್ಗೆ ಐದೂವರೆಗೆ ನಾನು ಎದ್ದು ಬಾಗಿಲ ಸಂದಿಯಲ್ಲಿ ನಿಲ್ಲುತ್ತಿದ್ದೆ. ನಲ್ಲಿಯ ಸದ್ದು ಇರುತ್ತಿತ್ತು. ಬಟ್ಟೆ ಬಡಿಯುವ ಸದ್ದು ಇರುತ್ತಿತ್ತು. ಹಾಡು ಮಾತ್ರ ಮತ್ತೆ ಕೇಳಲಿಲ್ಲ.

ಜೂನ್ ಮೊದಲ ಮಳೆಗೆ ಕಂಪನಿ ತಗಡು ಬಿಚ್ಚಿತು. ಲಾರಿಯಲ್ಲಿ ಸಿಂಹಾಸನ ತಲೆಕೆಳಗಾಗಿ ಕೂತಿತ್ತು. ಪಂಕಜಮ್ಮ ಟ್ರಂಕಿನ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಾಗ ಹತ್ತಿರ ಹೋಗಿ ನಿಂತೆ. ಎರಡು ವಾರ ಅಭ್ಯಾಸ ಮಾಡಿದ ಮಾತು ಬಾಯಿಗೆ ಬರಲಿಲ್ಲ.

"ನಿಮಗೆ ಬೇಜಾರಾಯ್ತಾ?" ಎಂದಷ್ಟೇ ಕೇಳಿದೆ.

ಅವರು ಸುಣ್ಣದ ಬೆರಳನ್ನು ಟ್ರಂಕಿಗೆ ಒರೆಸಿದರು. "ಆಯ್ತು ಕಣೇ ಗಿರಿಜಾ. ಸುಳ್ಳು ಯಾಕೇಳ್ಲಿ." ಆಮೇಲೆ ನನ್ನ ಮುಖ ನೋಡಿ, "ಆದ್ರೆ ಸೀಟಿ ಬಂದಿರ್ಲಿಲ್ವಲ್ಲ. ಏನಾದ್ರೂ ಹೇಳ್ಬೇಕಾಗಿತ್ತು, ಹೇಳ್ದೆ. ನಾನಾಗಿದ್ರೂ ಅಂಗೇ ಮಾಡ್ತಿದ್ದೆ" ಎಂದರು. ಕೊನೆಯ ಮಾತು ಸುಳ್ಳು ಎಂದು ನನಗೆ ಆಗಲೇ ಗೊತ್ತಿತ್ತು. ಲಾರಿ ಹೊರಟಿತು. ಮತ್ತೆ ನಾನು ಅವರನ್ನು ನೋಡಲಿಲ್ಲ.

ಆಮೇಲೆ ಕಾಲೇಜು ಮುಗಿಸಿ ನಾನೂ ಹದಿನೈದು ವರ್ಷ ಸಂಗೀತ ನಾಟಕ, ಹಾಸ್ಯ ನಾಟಕ ಎಂದು ಊರೂರು ತಿರುಗಿದೆ. ಎಷ್ಟೇ ಕಷ್ಟವಾದರೂ ಜೊತೆಯವರ ಗುಟ್ಟನ್ನು ರಂಗದ ಮೇಲೆ ಖರ್ಚು ಮಾಡಲಿಲ್ಲ. ಅದೊಂದೇ ನಾನು ಧೈರ್ಯವಾಗಿ ಹೇಳಬಹುದಾದ ಸಾಧನೆ. ಮೈದಾನವಿದ್ದ ಜಾಗದಲ್ಲಿ ಈಗ ಮದುವೆ ಛತ್ರವಿದೆ, ಪಾರ್ಕಿಂಗ್ ಇದೆ. ಧಾರಾವಾಹಿಯಲ್ಲಿ ಮಾತು ತಪ್ಪಿದರೆ ಕಟ್ ಎನ್ನುತ್ತಾರೆ, ಕಾಫಿ ಕೊಡುತ್ತಾರೆ, ಇನ್ನೊಮ್ಮೆ ತೆಗೆಯುತ್ತಾರೆ. ಪರದೆಯ ಹಿಂದೆ ಯಾರೂ ಇರುವುದಿಲ್ಲ, ಪರದೆಯೇ ಇರುವುದಿಲ್ಲ.

ಕಳೆದ ತಿಂಗಳು ಹಳೆಯ ರಂಗಕಲಾವಿದರಿಗೆ ಸನ್ಮಾನವೆಂದು ಒಂದು ಸಭಾಂಗಣಕ್ಕೆ ಕರೆದಿದ್ದರು. ಹಾಡಿ ಎಂದರು. ಆ ಹಾಡನ್ನೇ ಹಾಡಿದೆ. ಯಾಕೆ ಅದನ್ನು ಆರಿಸಿಕೊಂಡೆ ಎಂದು ಕೇಳಬೇಡಿ. ಮೇಲಿನ ಸ್ವರದಲ್ಲಿ ನನ್ನ ದನಿಯೂ ಒಡೆಯಿತು, ಅದೇ ಜಾಗದಲ್ಲಿ. ಯಾರೂ ನಗಲಿಲ್ಲ. ಎಸಿ ಹಾಲಿನ ಮೆತ್ತನೆ ಕುರ್ಚಿಗಳಿಂದ ಮರ್ಯಾದೆಯ ಚಪ್ಪಾಳೆ ಬಂತು. "ಪರ್ವಾಗಿಲ್ಲ ಮೇಡಂ, ಈ ವಯಸ್ಸಲ್ಲೂ ಚೆನ್ನಾಗಿತ್ತು" ಎಂದು ನಿರೂಪಕಿ ಶಾಲು ಸರಿಮಾಡಿದಳು. ಕತ್ತು ಚಾಚಿ ಕೋಳಿಯ ಹಾಗೆ ಇನ್ನೊಮ್ಮೆ ಹೇಳಿಬಿಡಲೇ ಎಂದುಕೊಂಡೆ. ಧೈರ್ಯ ಬರಲಿಲ್ಲ. ಪಂಕಜಮ್ಮನಿಗೆ ಅದಕ್ಕೆ ಅರ್ಧ ಕ್ಷಣ ಸಾಕಾಗಿತ್ತು.

ಈಗ ಬೆಳಗ್ಗೆ ಬೇಗ ಏಳುತ್ತೇನೆ. ದಟ್ಟಗಳ್ಳಿಯ ಅಡುಗೆಮನೆಯಲ್ಲಿ ಕುಕ್ಕರ್ ಇಟ್ಟು, ಸಿಂಕಿನ ನಲ್ಲಿ ಬಿಟ್ಟುಕೊಂಡು, ನನ್ನ ಯಜಮಾನರಿಗೆ ಕೇಳಿಸದಷ್ಟು ತಗ್ಗಿನಲ್ಲಿ ಅದೇ ಸಾಲು ಹೇಳುತ್ತೇನೆ. ಒಂದು ದಿನ ಬಂದೀತು ಎಂದು. ನಿನ್ನೆ ಮೇಲಿನ ಸ್ವರದ ಹತ್ತಿರ ಬಂದಿದ್ದೆ, ಬಾಯಿ ತೆರೆದೂ ಆಗಿತ್ತು. ಕುಕ್ಕರ್ ಸೀಟಿ ಹೊಡೆಯಿತು. ಅಭ್ಯಾಸ ನೋಡಿ, ಅಲ್ಲಿಗೇ ನಿಲ್ಲಿಸಿ ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಸರಿದೆ.