ಡಾಕ್ಟರಿಗೆ ಬೇಡವಾದ ಕೆಂಪು

ನಾನು ಬರೆಯುವ ಚಿತ್ರಗಳಲ್ಲಿ ಮನೆ, ಮರ, ಮನುಷ್ಯರು ಯಾವುದೂ ಇರುವುದಿಲ್ಲ, ಬರೀ ಬಣ್ಣ. ಇದನ್ನೆಲ್ಲ ಮಂಗಳೂರಿನಲ್ಲಿ ಚಿತ್ರಕಲೆ ಓದುವಾಗ ಕಲಿತೆ ಎಂದು ಊರವರು ತಿಳಿದಿದ್ದಾರೆ. ನಿಜವಾಗಿ ಬಣ್ಣ ನೋಡಲು ಕಲಿತದ್ದು ನೂಲು ತರಲು ಹೋಗಿ.

ನರಿಮೊಗರಿನ ನಮ್ಮ ಮನೆಯ ಜಗಲಿಯಲ್ಲಿ ಉಮ್ಮ, ಅಂದರೆ ನನ್ನ ತಾಯಿ, ಹೊಲಿಗೆ ಮಿಷನ್ ಇಟ್ಟುಕೊಂಡಿದ್ದರು. ನೆರೆಕರೆಯ ಹೆಂಗಸರ ರವಿಕೆಗಳನ್ನೆಲ್ಲ ಅವರೇ ಹೊಲಿಯುತ್ತಿದ್ದರು. ಬಟ್ಟೆಯ ಚೂರೊಂದನ್ನು ಕೈಗಿತ್ತು ನನ್ನನ್ನು ಪುತ್ತೂರಿನ ಬಸ್ಸಿಗೆ ಹತ್ತಿಸುತ್ತಿದ್ದರು. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಸರಿಹೊಂದಿದ ನೂಲು ನಮ್ಮ ಅಂಗಳದ ಬಿಸಿಲಿಗೆ ಬಂದರೆ ಬೇರೆಯೇ ಬಣ್ಣ! "ಇದೆಂತ ತಂದದ್ದು? ನಿನಗೆ ಕಣ್ಣಿಲ್ವಾ?" ಎಂದು ಬೈಸಿಕೊಂಡು ಪುನಃ ಹೋಗಬೇಕಿತ್ತು. ಆಮೇಲಾಮೇಲೆ ರೀಲನ್ನು ಅಂಗಡಿಯ ಮೆಟ್ಟಿಲಿಗೆ ತಂದು, ಬಟ್ಟೆಯ ಮೇಲಿಟ್ಟು ನೋಡಲು ಶುರುಮಾಡಿದೆ. ಈಗಲೂ ನಾನು ತಟ್ಟೆಯಲ್ಲಿ ಬೆರೆಸಿದ ಬಣ್ಣವನ್ನು ನಂಬುವುದಿಲ್ಲ. ಒಂದನ್ನು ಹಚ್ಚಿ, ಒಣಗಲು ಬಿಟ್ಟು, ಪಕ್ಕಕ್ಕೆ ಇನ್ನೊಂದನ್ನು ಹಚ್ಚಿ ಕಾಯುತ್ತೇನೆ. ಒಂದು ಚಿತ್ರಕ್ಕೆ ತಿಂಗಳುಗಳೇ ಹಿಡಿಯುತ್ತವೆ.

ದರ್ಬೆಯಲ್ಲಿ ಹಲ್ಲಿನ ಕ್ಲಿನಿಕ್ ತೆರೆಯಲಿದ್ದ ಡಾಕ್ಟರೊಬ್ಬರು ಅಲ್ಲಿನ ಗೋಡೆಗೆ ದೊಡ್ಡ ಚಿತ್ರ ಬೇಕು ಎಂದರು. "ನಿಮ್ಮ ಇಷ್ಟದ ಹಾಗೆ ಮಾಡಿ" ಎಂದದ್ದೂ ಅವರೇ. ನನಗೆ ಬಹಳ ಕಾಲದಿಂದ ಒಂದು ಕೆಂಪು ಬೇಕಾಗಿತ್ತು. ಪೆರಾಬೆಯ ಅಜ್ಜಿಮನೆಯಲ್ಲಿ ಬಾವಿ ತೋಡುವಾಗ ಉಮ್ಮನ ಜೊತೆ ನಿಂತು ಕಂಡದ್ದು. ಆಗಷ್ಟೇ ಕಡಿದ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಒಳಮೈಯ ಕೆಂಪು. ಅದರಲ್ಲಿ ಹಳದಿ ಇತ್ತು, ಎಲ್ಲೋ ಚೂರು ನೇರಳೆಯೂ ಇತ್ತು. ಸಂಜೆಯೊಳಗೆ ಗಾಳಿ ತಾಗಿ ಮಂಕಾಗಿಬಿಟ್ಟಿತ್ತು. ಅದನ್ನು ಹಿಡಿಯಲು ಹೊರಟೆ. ಹಸಿಯಾಗಿರುವಾಗ ಸಿಕ್ಕಿತು ಅನ್ನಿಸುವುದು, ಒಣಗಿದ ಮೇಲೆ ನೋಡಿದರೆ ಹಂಚಿನ ಬಣ್ಣ. ಮೇಲಿಂದ ಮೇಲೆ ಹಚ್ಚಿ ಹಚ್ಚಿ ಕೈ ಸೋತಿತು.

ಅಂತೂ ಒಂದು ಹದಕ್ಕೆ ಬಂತು ಅನ್ನುವಾಗ ಡಾಕ್ಟರು ಹೆಂಡತಿಯೊಂದಿಗೆ ನಮ್ಮ ಮನೆಗೆ ನೋಡಲು ಬಂದರು.

"ಚಂದ ಉಂಟು," ಎಂದರು ಡಾಕ್ಟರು. "ಆದರೆ ರಕ್ತದ ಹಾಗೆ ಕಾಣ್ತದಲ್ಲ ಮಾರಾಯ್ರೆ. ಹಲ್ಲು ತೆಗೆಸ್ಲಿಕ್ಕೆ ಬಂದವರು ಇದನ್ನು ನೋಡಿದ್ರೆ ಹಾಗೇ ವಾಪಸ್ ಹೋಗುದು."

"ಕ್ಲಿನಿಕ್ಕಿನ ಸೋಫಾ ನೀಲಿ," ಎಂದರು ಹೆಂಡತಿ. "ಅದಕ್ಕೆ ಮ್ಯಾಚ್ ಆಗುವ ಹಾಗೆ ಇದನ್ನೂ ನೀಲಿ ಮಾಡ್ಲಿಕ್ಕೆ ಆಗುದಿಲ್ವಾ?"

ಮೈಯೆಲ್ಲ ಉರಿಯಿತು. ರಕ್ತದ ಮಾತು ನಿಜವೇ ಎಂದು ಕಂಡು ಇನ್ನಷ್ಟು ಉರಿಯಿತು. ನೋಡುತ್ತೇನೆ ಎಂದು ಹೇಳಿ ಅವರನ್ನು ಕಳುಹಿಸಿದೆ.

ಆಗ ಉಮ್ಮ ಒಳಗೆ ಬಂದರು. ಅವರ ಒಂದು ಕಣ್ಣಿನ ಪೊರೆ ತೆಗೆಸಿ ಕೆಲವು ದಿನ ಆಗಿತ್ತು. ಇನ್ನೊಂದು ಕಣ್ಣಿನದ್ದು ಬಾಕಿ ಇತ್ತು. ಚಿತ್ರದ ಮುಂದೆ ನಿಂತು ಒಂದೊಂದೇ ಕಣ್ಣನ್ನು ಕೈಯಿಂದ ಮುಚ್ಚಿ ನೋಡಿದರು.

"ಈ ಕಣ್ಣಲ್ಲಿ ಕೆಂಪು ಕಾಣ್ತದೆ. ಆ ಕಣ್ಣಲ್ಲಿ ಕಾಫಿ ಕಲರ್. ನೀನು ಹಾಕಿದ್ದು ಯಾವುದು?"

"ಎರಡೂ ಅಲ್ಲ ಉಮ್ಮ, ಅಜ್ಜಿಮನೆಯ ಬಾವಿಯ ಕಲ್ಲಿನದ್ದು!" ಎಂದು ರೇಗಿದೆ.

ಅವರು ನನ್ನ ಸಿಟ್ಟನ್ನು ಗಮನಿಸಲಿಲ್ಲ. ಏನೋ ನೆನಪಾದವರಂತೆ ಕೋಣೆಗೆ ಹೋಗಿ, ತಾವೇ ಹೊಲಿದಿದ್ದ ಬಿಳಿ ನಮಾಜಿನ ಬಟ್ಟೆ ತಂದು ಕಿಟಕಿಯ ಬಳಿ ಹಿಡಿದರು. ಹೊಲಿಗೆಯುದ್ದಕ್ಕೂ, ಪೊರೆ ಬಂದ ಕಣ್ಣಿಗೆ ಬಿಳಿಯೆಂದೇ ಕಂಡಿದ್ದ ಕ್ರೀಮ್ ನೂಲು. "ಇಷ್ಟು ಸಮಯ ಹೀಗೇ ಹೊಲಿದು ಕೊಟ್ಟದ್ದಾ ನಾನು? ಒಬ್ಬರಾದ್ರೂ ಹೇಳ್ಬಾರ್ದಿತ್ತಾ?" ಎಂದರು. ಅವರನ್ನು ಸಮಾಧಾನ ಮಾಡಲು ನನಗೆ ಬರಲಿಲ್ಲ.

ಮರುದಿನ ಮನಸ್ಸಿಲ್ಲದ ಮನಸ್ಸಿನಿಂದ ಅಂಚಿಗೆ ನೀಲಿ ಹಚ್ಚಿದೆ. ನೀಲಿಯ ಪಕ್ಕದಲ್ಲಿ ಕೆಂಪು ಇನ್ನೂ ಹಸಿ ರಕ್ತದಂತಾಯಿತು. ನೀಲಿಯನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ತೆಗೆದು, ನನ್ನಿಂದ ಆಗುವುದಿಲ್ಲ ಎಂದು ಡಾಕ್ಟರಿಗೆ ಫೋನ್ ಮಾಡಿದೆ. "ಬೇಜಾರು ಮಾಡ್ಬೇಡಿ," ಎಂದರು, ಬಹಳ ಸೌಜನ್ಯದಿಂದ. ಆ ಗೋಡೆಯಲ್ಲಿ ಈಗ ಜಲಪಾತದ ಫೋಟೋ ಇದೆ. ಒಮ್ಮೆ ಹೋಗಿ ನೋಡಿದೆ. ಕಾಯುತ್ತಿದ್ದವರೆಲ್ಲ ಮೊಬೈಲ್ ನೋಡುತ್ತಿದ್ದರು.

ಉಮ್ಮನ ಇನ್ನೊಂದು ಕಣ್ಣಿನ ಆಪರೇಷನ್ನೂ ಆಯಿತು. ಮೊನ್ನೆ ಚಿತ್ರದ ಎದುರು ಬಹಳ ಹೊತ್ತು ನಿಂತರು.

"ಈಗ ಎರಡರಲ್ಲೂ ಒಂದೇ ಕಾಣ್ತದೆ," ಎಂದರು. "ಆದರೆ ಬಾವಿಯ ಕಲ್ಲು ಹೀಗೆ ಇರ್ಲಿಲ್ಲ."

ಅದು ನನಗೂ ಗೊತ್ತಿತ್ತು. ಆದರೂ ಆ ದಿನವಿಡೀ ಅವರೊಂದಿಗೆ ನೆಟ್ಟಗೆ ಮಾತಾಡಲಿಲ್ಲ.